ಸ್ವಿಸ್ ಬೋಗುಣಿ ಮತ್ತು ನನ್ನ ಶಾಲು

ಸ್ವಿಟ್ಜರ್ಲೆಂಡಿನ ಕುಂಬಾರಿಕೆಯ ಸಂಶೋಧನೆಗಾಗಿ ಶಾಲು ಹೊದೆಸಿಕೊಂಡ ಕನ್ನಡಿಗ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಆ ಶಾಲು ನನ್ನ ಹೆಗಲ ಮೇಲೆ ಇದ್ದದ್ದು ಒಟ್ಟು ಹನ್ನೊಂದು ನಿಮಿಷ. ಆಮೇಲೆ ಏನಾಯಿತೆಂಬುದನ್ನು ಸ್ಯಾನ್ ಹೋಸೆಯಿಂದ ಓಕ್‌ಲ್ಯಾಂಡಿನವರೆಗೆ ಕನ್ನಡದವರೆಲ್ಲ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಗೂ ಮಾನ ಹೋಗಿದೆ, ಸರಿಯಾದ ಕ್ರಮದಲ್ಲಾದರೂ ಹೋಗಲಿ ಎಂದು ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ವೆಂಕಟಾಚಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಮೈಸೂರಿನ ನಮ್ಮಣ್ಣ ಬೀದಿಯವರಿಗೆಲ್ಲ "ನಮ್ಮ ಹುಡುಗ ಅಮೆರಿಕದಲ್ಲಿ ಸೈಂಟಿಸ್ಟು" ಎಂದು ಹೇಳಿದ್ದಾನೆ. ಅವನ ತಪ್ಪಲ್ಲ, ಹಾಗೆಂದು ಬರೆದವನು ನಾನೇ. ನಿಜವೇನೆಂದರೆ, ಸೈಂಟಿಸ್ಟುಗಳು ಬಳಸಿಬಿಟ್ಟ ಗಾಜಿನ ಪಾತ್ರೆಗಳನ್ನು ತೊಳೆಯುವುದು ನನ್ನ ಕೆಲಸ. ಬೀಕರು, ಫ್ಲಾಸ್ಕು, ಟೆಸ್ಟ್ ಟ್ಯೂಬು, ದಿನಕ್ಕೆ ಸಾವಿರದ ಲೆಕ್ಕ. ಬಿ.ಎಸ್ಸಿ. ಓದಿದವನು ಪಾತ್ರೆ ತೊಳೆಯುತ್ತಾನೆ ಎಂದು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಈ ಕಥೆಯ ಉಪದ್ವ್ಯಾಪವೆಲ್ಲ ಆ ಒಂದು ನಾಚಿಕೆಯಿಂದ ಹುಟ್ಟಿದ್ದು.

ನಾವಿದ್ದದ್ದು ಫಾಸ್ಟರ್ ಸಿಟಿಯಲ್ಲಿ, ಲಗೂನ್ ಎಂಬ ಹಿನ್ನೀರಿನ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ. ನಾನು, ಹೆಂಡತಿ ಪದ್ಮಜಾ, ಎಂಟು ವರ್ಷದ ಮಗಳು ಜಲಜಾ. ಪಕ್ಕದ ಮನೆಯಲ್ಲಿ ಮಿಸೆಸ್ ಏಬಿ ಎಂಬ ಎಪ್ಪತ್ತಾರರ ವೃದ್ಧೆ ಒಬ್ಬರೇ ಇದ್ದರು. ಹುಟ್ಟೂರು ಸ್ವಿಟ್ಜರ್ಲೆಂಡಿನ ಬರ್ನ್ ಕಡೆಯ ಹಳ್ಳಿ. ಎಂಬತ್ತೈದರ ಕ್ರಿಸ್‌ಮಸ್ಸಿಗೆ ಅವರು ನಮಗೆ ಮನೆಯಲ್ಲೇ ಮಾಡಿದ ಬಿಸ್ಕತ್ತು ತಂದುಕೊಟ್ಟರು. ಅದೂ ಎಂಥ ಪಾತ್ರೆಯಲ್ಲಿ! ಕೆನೆಬಣ್ಣದ ಹಳೇ ಮಣ್ಣಿನ ಬೋಗುಣಿ. ನಡುವೆ ಒಂದು ಹುಂಜ, ಸುತ್ತ ಹೂಬಳ್ಳಿ. ಅವರಜ್ಜಿಯ ಕಾಲದ್ದಂತೆ. "ಬೋಗುಣಿ ನಿಧಾನವಾಗಿ ಕೊಡಿ, ಅವಸರವಿಲ್ಲ" ಎಂದು ಹೇಳಿ ಹೋದರು.

ಬಿಸ್ಕತ್ತು ಎರಡು ದಿನದಲ್ಲಿ ಮುಗಿಯಿತು. ಬೋಗುಣಿ ಉಳಿಯಿತು.

"ಕೊಟ್ಟು ಬಾರೇ" ಎಂದೆ.

"ಖಾಲಿ ಪಾತ್ರೆ ಕೊಡೋಕಾಗತ್ತೇನ್ರೀ? ಏನಾದ್ರೂ ಹಾಕಿ ಕೊಡಬೇಕು."

"ಹಾಕಿ ಕೊಡು ಮತ್ತೆ."

"ಏನ್ ಹಾಕ್ಲಿ? ನಮ್ಮನೇದೆಲ್ಲ ಖಾರ. ಪಾಪ, ಆ ವಯಸ್ಸಾದೋರು ಒಂದು ತುತ್ತು ತಿಂದು ಆಂಬುಲೆನ್ಸ್ ಬಂದ್ರೆ? ಕೊಬ್ಬರಿ ಮಿಠಾಯಿ ಮಾಡೋಣ ಅಂದ್ರೆ ತುರಿಯೋ ಮಣೆ ಇಲ್ಲ. ಅಕ್ಕ ಯಾರ ಕೈಲಾದ್ರೂ ಕಳಿಸ್ತೀನಿ ಅಂದಿದ್ದಾಳೆ. ಬರ್ಲಿ."

ತುರಿಮಣೆಯ ದಾರಿ ಕಾಯುತ್ತ ಬೋಗುಣಿ ನಮ್ಮ ಅಡುಗೆಮನೆಯಲ್ಲಿ ಕೂತಿತು. ಅಷ್ಟರಲ್ಲಿ ಜನವರಿಯಲ್ಲಿ ನಮ್ಮ ಉಪ್ಪಿನಕಾಯಿ ಜಾಡಿ ಬಿರುಕು ಬಿಟ್ಟಿತು. ಲ್ಯಾಬಿನ ಒಬ್ಬರು ಹಿತ್ತಿಲಲ್ಲಿ ಬಿಟ್ಟ ಒಂದು ಚೀಲ ನಿಂಬೆಹಣ್ಣು ಕೊಟ್ಟಿದ್ದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕುವುದೆಂದರೆ ಪದ್ಮಜಾಗೆ ಮಹಾಪಾಪ, ಸ್ಟೀಲಂತೂ ಕೂಡದು. ಮಣ್ಣಿನ ಪಾತ್ರೆ ಎಂದರೆ ದೇವರು ಉಪ್ಪಿನಕಾಯಿಗೆಂದೇ ಮಾಡಿದ್ದು. ಹುಂಜದ ಮೇಲೆ ಉಪ್ಪು, ಅರಿಶಿನ, ಖಾರದ ಪುಡಿ, ನಿಂಬೆಹೋಳು ಎಲ್ಲ ಬಿತ್ತು. ಮೇಲೆ ಬಟ್ಟೆ ಕಟ್ಟಿದಳು. ಮಾರ್ಚಿನಲ್ಲಿ ಮಿಸೆಸ್ ಏಬಿ ಆರೆಗಾನ್‌ನ ಮಗಳ ಮನೆಗೆ ಹೊರಟು, ಜೂನಿಗೆ ಬರುತ್ತೇನೆಂದರು. ಬೋಗುಣಿಯ ಸುದ್ದಿ ಎತ್ತಲಿಲ್ಲ, ದೊಡ್ಡ ಮನಸ್ಸು.

ಏಪ್ರಿಲ್ಲಿನಲ್ಲಿ ಸರಟೋಗಾದ ಶಾಲೆಯೊಂದರ ಹಾಲಿನಲ್ಲಿ ಕನ್ನಡ ಸಂಘದ ಯುಗಾದಿ ಊಟ. ಮನೆಗೊಂದು ಅಡುಗೆ. ಪದ್ಮಜಾ ಚಿತ್ರಾನ್ನದ ಜೊತೆ ಬೋಗುಣಿಯನ್ನೂ ಎತ್ತಿಕೊಂಡಳು.

ಸಂಘದ ಅಧ್ಯಕ್ಷರು ಡಾಕ್ಟರ್ ಜಗನ್ನಾಥ. ಹೃದಯದ ಡಾಕ್ಟರು, ಸರಟೋಗಾದ ಗುಡ್ಡದ ಮೇಲೆ ಮನೆ. ಮನುಷ್ಯ ಬಲು ಒಳ್ಳೆಯವರು, ಆದರೆ ಸಿಕ್ಕಿದವರನ್ನೆಲ್ಲ "ಏನ್ ಕೆಲಸ?" ಎಂದು ಕೇಳುವ ಚಟ. ಮೂರು ವರ್ಷ ಅವರಿಂದ ತಪ್ಪಿಸಿಕೊಂಡು ಓಡಾಡಿದ್ದೆ. ಆ ದಿನ ಉಪ್ಪಿನಕಾಯಿಯ ಮುಂದೆ ಸಿಕ್ಕಿಬಿದ್ದೆ.

"ವೆಂಕಟಾಚಲ ಅವರೇ, ನೀವು ಲ್ಯಾಬಲ್ಲಿ ಅಲ್ವಾ? ಯಾವುದ್ರ ಮೇಲೆ ರಿಸರ್ಚು?"

ಸುತ್ತ ಒಬ್ಬ ಪ್ರಾಜೆಕ್ಟ್ ಮ್ಯಾನೇಜರು, ಇಬ್ಬರು ಪಿಎಚ್.ಡಿ.ಗಳು, ಡಾಕ್ಟರ ಪತ್ನಿ ರಮಾ. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಗೆ ಕಂಡದ್ದು ಬೋಗುಣಿ. ಉಪ್ಪಿನಕಾಯಿ ಅರ್ಧ ಖಾಲಿಯಾಗಿ ಹುಂಜದ ಜುಟ್ಟು ಮೇಲೆದ್ದಿತ್ತು.

"ಸ್ವಿಸ್ ಪಾಟರಿ" ಎಂದುಬಿಟ್ಟೆ.

"ಏನಂದ್ರಿ?"

"ಸ್ವಿಟ್ಜರ್ಲೆಂಡಿನ ಹಳೇ ಮಣ್ಣಿನ ಪಾತ್ರೆಗಳು ಸಾರ್. ಆಫೀಸ್ ಕೆಲಸ ಬೇರೆ. ಇದು ಪರ್ಸನಲ್ ರಿಸರ್ಚು. ಇಗೋ, ಇದೂ ಒಂದು ಸ್ಯಾಂಪಲ್ಲು."

"ವಂಡರ್‌ಫುಲ್ಲು! ಎಲ್ಲರೂ ಕಂಪ್ಯೂಟರು ಕಂಪ್ಯೂಟರು ಅಂತ ಸಾಯ್ತಾ ಇರೋವಾಗ ಒಬ್ಬ ಕನ್ನಡಿಗ ಕುಂಬಾರಿಕೆ ಹಿಡಿದಿದ್ದಾನೆ ನೋಡ್ರೀ!" ಎಂದು ಡಾಕ್ಟರು ನಿಂಬೆಹೋಳನ್ನು ಬಾಯಿಗೆ ಹಾಕಿಕೊಂಡರು. "ನಮ್ಮ ಪಕ್ಕದ ಮನೆ ಮಿಸ್ ಹಾಲಿಸ್ ಇದ್ದಾರಲ್ಲ, ರಿಟೈರ್ಡ್ ಟೀಚರು, ಅವರದೂ ಇದೇ ಹುಚ್ಚು. ಹನ್ನೊಂದು ವರ್ಷದಿಂದ ಸ್ವಿಸ್ ಮಡಕೆ ಮೇಲೇ ಕೂತಿದ್ದಾರೆ. ಅವರನ್ನ ನಿಮ್ಮನೆಗೇ ಕಳಿಸ್ತೀನಿ!"

ನಾನು ಚಿತ್ರಾನ್ನದ ತಟ್ಟೆ ಇಟ್ಟು ಪದ್ಮಜಾಳನ್ನು ಹುಡುಕಿಕೊಂಡು ಹೋದೆ.

ಮುಂದಿನ ಭಾನುವಾರ ಮಿಸ್ ಹಾಲಿಸ್ ಬರುವವರಿದ್ದರು. ಶನಿವಾರ ಬೋಗುಣಿ ತೊಳೆದೆವು. ಕೆನೆಬಣ್ಣ ಹೋಗಿ ಒಳಮೈಯೆಲ್ಲ ಚಿನ್ನದಂಥ ಹಳದಿ. ಹೊಳಪಿನ ಸಣ್ಣ ಸಣ್ಣ ಬಿರುಕಿನೊಳಗೆಲ್ಲ ಅರಿಶಿನ ಇಳಿದು ಕೂತಿತ್ತು. ಪದ್ಮಜಾ ಹುಣಸೆಹಣ್ಣು ಹಾಕಿ ತಿಕ್ಕಿದಳು. ಹಳದಿ ಇನ್ನಷ್ಟು ಹೊಳೆಯಿತು. ಜಗತ್ತಿನ ಯಾವ ಪಾತ್ರೆಯನ್ನಾದರೂ ತೊಳೆಯಬಲ್ಲೆ ಎಂಬುದು ನನ್ನ ಏಕೈಕ ಹೆಮ್ಮೆಯಾಗಿತ್ತು. ಅದೂ ಅಂದು ಹೋಯಿತು.

ಮಿಸ್ ಹಾಲಿಸ್ ಬಂದರು. ಬೆಳ್ಳಿಗೂದಲು, ಕೊರಳಲ್ಲಿ ಭೂತಗನ್ನಡಿ, ಕೈಯಲ್ಲಿ ಕ್ಯಾಮರಾ. ಕಾಫಿ ಲೋಟವನ್ನು ಮುಟ್ಟಲಿಲ್ಲ. ಬೋಗುಣಿಯನ್ನು ಕಿಟಕಿಯ ಬಳಿ ಹಿಡಿದು ಐದು ನಿಮಿಷ ಉಸಿರೇ ಬಿಡಲಿಲ್ಲ.

"ಬರ್ನ್ ಕಡೆಯ ಇಂಥ ಬೋಗುಣಿ ಇನ್ನೂರು ನೋಡಿದ್ದೇನೆ. ಈ ಹಳದಿ ಎಲ್ಲೂ ಇಲ್ಲ. ನಿಮಗೂ ಇದು ಕಂಡಿತ್ತೇ?"

"ಮೊದಲು ಕಂಡದ್ದೇ ಅದು" ಎಂದೆ. ಸುಳ್ಳಲ್ಲ.

"ಇದಕ್ಕೆ ನೀವೇನಾದರೂ ಮಾಡಿದಿರಾ?"

"ತೊಳೆದೆ, ಅಷ್ಟೇ."

ಜಲಜಾ ಟಿ.ವಿ. ಬಿಟ್ಟು ಎದ್ದು ಬಂದು, "ಮೈ ಡ್ಯಾಡ್ ವಾಷಸ್ ಥಿಂಗ್ಸ್ ಇನ್ ಎ ಲ್ಯಾಬ್. ಆಲ್ ಡೇ" ಎಂದಳು. ಹೆತ್ತ ಮಗಳು!

"ಓಹೋ, ಹಳೇ ವಸ್ತುಗಳ ಸಂರಕ್ಷಣೆ!" ಎಂದು ಮಿಸ್ ಹಾಲಿಸ್ ಎರಡೂ ಕೈಯಿಂದ ನನ್ನ ಕೈ ಕುಲುಕಿದರು. "ಹಾಗಾದರೆ ನಿಮ್ಮ ಲ್ಯಾಬಿನಲ್ಲೇ ಈ ಬಣ್ಣ ಯಾವುದೆಂದು ಪರೀಕ್ಷಿಸಿ ನನಗೆ ಹೇಳುತ್ತೀರಾ?"

ಅಡುಗೆಮನೆಯ ಬಾಗಿಲಲ್ಲಿ ಪದ್ಮಜಾ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳಂತೆ. ನಾನು ತಲೆಯಾಡಿಸಿದೆ. ಹೌದೆನ್ನುವ ಹಾಗೆ.

ಅವರು ಹೋದ ಮೇಲೆ ಮಂಗಳಾರತಿ ಆಯಿತು.

"ಅರಿಶಿನ ಅಂತ ಒಂದು ಮಾತು ಹೇಳೋಕೆ ನಿಮಗೇನ್ರೀ ಕಷ್ಟ?"

"ಟರ್ಮರಿಕ್ ಅನ್ನೋ ಪದ ನೆನಪಿಗೇ ಬರ್ಲಿಲ್ಲ ಕಣೇ."

"ಬರಲ್ಲ! ಆಯಮ್ಮ ದೊಡ್ಡೋರ ಮುಂದೆ ಎದ್ದು ನಿಂತು ಇದನ್ನ ಓದ್ತಾರೆ. ಯಾರೋ ಒಬ್ರು ಬೋಗುಣಿ ಮೂಸಿ ನೋಡ್ತಾರೆ. ಹನ್ನೊಂದು ವರ್ಷದ ಕೆಲಸ ಹೋಗತ್ತೆ. ಎಲ್ಲಾ ನಗೋದು ಅವರನ್ನ ನೋಡಿ, ನಿಮ್ಮನ್ನಲ್ಲ. ಸರಿಯಾಗಿ ಯೋಚನೆ ಮಾಡಿ."

ಯೋಚನೆ ಮಾಡಿದೆ. ಒಂದು ವಾರ ಊಟ ಸೇರಲಿಲ್ಲ. ಕೊನೆಗೆ ಧೈರ್ಯ ತಂದುಕೊಂಡು ಫೋನು ಮಾಡಿದೆ. ಮೆಲ್ಲಗೆ ಹೇಳೋಣ, ಒಮ್ಮೆಲೇ ಬೇಡ ಎಂದುಕೊಂಡು ಪೀಠಿಕೆ ಹಾಕಿದೆ.

"ಮೇಡಂ, ಆ ಹಳದಿ... ಅದು ಖನಿಜವಲ್ಲ. ಗಿಡದಿಂದ ಬಂದದ್ದು."

ಆ ಕಡೆಯಿಂದ ಕಿರುಚಿದ ಸದ್ದು ಬಂತು. "ಗಿಡ! ಕೇಸರಿ! ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ ಕೇಸರಿ ಬೆಳೆಯುತ್ತಾರೆ! ಕುಂಬಾರ ಅದನ್ನು ಪಾತ್ರೆಗೆ ಬಳಸಿದ್ದಾನೆ! ಇದು ಯಾರಿಗೂ ಗೊತ್ತಿರಲಿಲ್ಲ!"

"ಕೇಸರಿ ಅಲ್ಲ ಮೇಡಂ, ಅಡುಗೆಗೆ..."

"ಹೌದು, ಅಡುಗೆಗೂ ಹಾಕುತ್ತಾರೆ! ನನ್ನ ಪ್ರಬಂಧದಲ್ಲಿ ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ."

ಫೋನಿನಲ್ಲಿ ಆಗದ್ದು ಎದುರಿಗಾದರೆ ಆದೀತೆಂದು ಮರುವಾರ ಸರಟೋಗಾಕ್ಕೇ ಹೋದೆ. ಅವರು ನಿಂಬೆಹಣ್ಣಿನ ಕೇಕು ಕೊಟ್ಟರು. ನಿಂಬೆಹಣ್ಣಿನದೇ ಆಗಬೇಕೇ! ಆಮೇಲೆ ಗೋಡೆಯುದ್ದಕ್ಕೆ ಜೋಡಿಸಿದ್ದ ಚಪ್ಪಲಿ ಪೆಟ್ಟಿಗೆಗಳನ್ನು ತೆಗೆದು ತೋರಿಸಿದರು. ಒಂದೊಂದರಲ್ಲೂ ನೂರಾರು ಕಾರ್ಡು. ಒಂದೊಂದು ಕಾರ್ಡಿನಲ್ಲೂ ಒಂದು ಬೋಗುಣಿ, ಅದರ ಅಳತೆ, ಹೂವಿನ ಎಸಳೆಷ್ಟು, ಸಿಕ್ಕಿದ ಮನೆ ಯಾವುದು. ರಜೆಯಲ್ಲೆಲ್ಲ ಸ್ವಂತ ಸಂಬಳದಲ್ಲಿ ಹೋಗಿ ಬರೆದುಕೊಂಡು ಬಂದದ್ದು. "ಇಷ್ಟು ವರ್ಷ ನನ್ನ ಮಾತನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಈಗ ಕೇಳುತ್ತಾರೆ" ಎಂದರು. ನಾನು ಎರಡನೇ ತುಂಡು ಕೇಕು ತಿಂದು ವಾಪಸು ಬಂದೆ. ದಾರಿಯುದ್ದಕ್ಕೂ ಫ್ರೀವೇಯಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಬೈದದ್ದು ಕನ್ನಡದಲ್ಲಾದ್ದರಿಂದ ಪಕ್ಕದ ಕಾರಿನವರಿಗೆ ಹಾಡಿನಂತೆ ಕೇಳಿಸಿರಬೇಕು.

ಇಷ್ಟರಲ್ಲಿ ಡಾಕ್ಟರು ಫೋನು ಮಾಡಿದರು.

"ಏನ್ರೀ ಇದು, ನಮಗೆ ಹೇಳೋದೇ ಬೇಡ್ವಾ? ಜೂನ್ ಹದಿನಾಲ್ಕಕ್ಕೆ ಮಿಸ್ ಹಾಲಿಸ್ ಲೆಕ್ಚರು, ಲೈಬ್ರರಿ ಹಾಲಲ್ಲಿ. ಅದಕ್ಕೆ ಮುಂಚೆ ಸಂಘದಿಂದ ನಿಮಗೆ ಸನ್ಮಾನ. ಶಾಲು, ಹಾರ, ಫಲತಾಂಬೂಲ, ಆರತಿ ಎಲ್ಲಾ ಫಿಕ್ಸು."

"ಸಾರ್, ಬೇಡ ಸಾರ್. ನಾನು ಅಂಥದ್ದೇನೂ..."

"ಇದೇ ನೋಡಿ ದೊಡ್ಡತನ!" ಎಂದು ಫೋನಿಟ್ಟರು.

ಹದಿನಾಲ್ಕನೇ ತಾರೀಖು ಲೈಬ್ರರಿ ಹಾಲಿನ ಮುಂದಿನ ಸಾಲಿನಲ್ಲಿ ಹನ್ನೆರಡು ಜನ ಕುಂಬಾರಿಕೆ ವಿದ್ವಾಂಸರು, ಹಿಂದೆ ರೇಷ್ಮೆ ಸೀರೆ ಸಫಾರಿ ಸೂಟುಗಳಲ್ಲಿ ನಲವತ್ತು ಕನ್ನಡಿಗರು. ಮುಂದಿನ ಸಾಲಿನ ತುದಿಯಲ್ಲಿ ಯಾರು? ಹಿಂದಿನ ದಿನವಷ್ಟೇ ಆರೆಗಾನ್‌ನಿಂದ ಬಂದಿದ್ದ ಮಿಸೆಸ್ ಏಬಿ. ಬೋಗುಣಿ ಯಾರದೆಂದು ಮಿಸ್ ಹಾಲಿಸ್ ನನ್ನಿಂದ ಮೊದಲೇ ಬರೆದುಕೊಂಡಿದ್ದರು, ಒಡತಿ ಎಂದು ತಾವೇ ಕರೆಸಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬೋಗುಣಿ. ದೂರದಿಂದ ಅದನ್ನು ನೋಡಿ ಮುದುಕಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು.

ಡಾಕ್ಟರು ಮಾತಾಡಿದರು, ಇಂಗ್ಲಿಷಿನಲ್ಲಿ ಎರಡು ನಿಮಿಷ, ಕನ್ನಡದಲ್ಲಿ ಆರು ನಿಮಿಷ. ಶಾಲು ಹೊದೆಸಿದರು. ಚಪ್ಪಾಳೆ. ಪದ್ಮಜಾ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಮೂಲೆಯಲ್ಲಿ ರಮಾ ಅವರು ಆರತಿಯ ತಟ್ಟೆಗೆ ಓಕುಳಿ ನೀರು ಕಲೆಸುತ್ತಿದ್ದರು. ನೀರಿಗೆ ಅರಿಶಿನ, ಅದಕ್ಕೆ ಅತ್ತೆಯ ಎಲೆಯಡಿಕೆ ಡಬ್ಬಿಯಿಂದ ತಂದ ಸುಣ್ಣ. ನೀರು ಕೆಂಪಗಾಯಿತು. ನನಗೆ ಆರತಿ ಎತ್ತಿದರು. ಉತ್ಸಾಹ ಉಳಿದಿತ್ತೋ ಏನೋ, "ಪಾಪ, ಇದಕ್ಕೂ ಎತ್ತಿಬಿಡ್ತೀನಿ, ಎಷ್ಟು ಕಣ್ಣು ಬಿದ್ದಿದೆಯೋ" ಎಂದು ಅದೇ ಸುಣ್ಣದ ಕೈಯಲ್ಲಿ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವರ ಐದು ಬೆರಳು ಮುಟ್ಟಿದ ಕಡೆಯೆಲ್ಲ ಹಳದಿ ಕೆಂಪಾಯಿತು. ರಕ್ತಗೆಂಪು, ಒದ್ದೆ ಒದ್ದೆ, ನೋಡನೋಡುತ್ತ ಹರಡಿತು.

ಮಿಸ್ ಹಾಲಿಸ್ ಭೂತಗನ್ನಡಿ ಹಿಡಿದು ಓಡಿ ಬಂದರು. "ದೇವರೇ! ಬಣ್ಣ ಬದಲಾಗುತ್ತಿದೆ! ಎಲ್ಲರೂ ನೋಡಿ! ಇದು ಇನ್ನೂ ದೊಡ್ಡ ವಿಷಯ!" ವಿದ್ವಾಂಸರು ಎದ್ದರು, ಒಬ್ಬರು ನೋಟುಪುಸ್ತಕ ತೆಗೆದರು.

ಹಿಂದಿನ ನಲವತ್ತು ಜನರಿಗೆ ಮಾತ್ರ ಆಗಲೇ ಅರ್ಥವಾಗಿತ್ತು. ಹಳದಿಗೆ ಸುಣ್ಣ ಮುಟ್ಟಿದರೆ ಕೆಂಪಾಗುವ ವಸ್ತು ಯಾವುದೆಂದು ಮೂರು ವರ್ಷದ ಕನ್ನಡದ ಮಗುವಿಗೂ ಗೊತ್ತು. ರಮಾ ತಮ್ಮ ಬೆರಳು ನೋಡಿಕೊಂಡರು, ಬೋಗುಣಿ ನೋಡಿದರು, ನನ್ನನ್ನು ನೋಡಿದರು. ಡಾಕ್ಟರು ಬಾಯಿ ಚಪ್ಪರಿಸಿದರು. ಯುಗಾದಿಯ ರುಚಿ ನೆನಪಾಗಿರಬೇಕು. ಎಂಬತ್ತು ಕಣ್ಣುಗಳು ನನ್ನ ಶಾಲಿನ ಮೇಲೆ ನಿಂತವು. ಯಾರೂ ಬಾಯಿ ಬಿಡಲಿಲ್ಲ. ನಮ್ಮವನ ಮಾನ ನಾವೇಕೆ ತೆಗೆಯಬೇಕು ಎಂದು ಸುಮ್ಮನಿದ್ದರು. ನಾನು ಸುಮ್ಮನಿದ್ದಿದ್ದರೆ ಆ ಗುಟ್ಟು ಅಲ್ಲೇ ಮುಚ್ಚಿಹೋಗುತ್ತಿತ್ತು. ಮಿಸ್ ಹಾಲಿಸ್ ಆಗಲೇ ಪ್ರಬಂಧದ ಅಂಚಿನಲ್ಲಿ ಏನೋ ಗೀಚತೊಡಗಿದ್ದರು.

"ಮೇಡಂ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಬರೀಬೇಡಿ. ಅದು ಉಪ್ಪಿನಕಾಯಿ."

"ಏನು?"

"ನಿಂಬೆಹಣ್ಣಿನ ಉಪ್ಪಿನಕಾಯಿ. ನಮ್ಮ ಮನೆಯದು. ಮೂರು ತಿಂಗಳು ಅದರಲ್ಲಿತ್ತು. ಆ ಹಳದಿ ಅರಿಶಿನ. ಕುಂಬಾರನದಲ್ಲ, ನನ್ನ ಹೆಂಡತಿಯದು."

ಮಿಸ್ ಹಾಲಿಸ್ ಭೂತಗನ್ನಡಿಯನ್ನು ಕೆಳಗಿಟ್ಟರು.

"ಪರೀಕ್ಷೆ ಮಾಡುತ್ತೀರಾ ಎಂದರೆ ತಲೆಯಾಡಿಸಿದಿರಿ. ನೀವು ಸಂಶೋಧಕರಲ್ಲವೇ?"

"ಅಲ್ಲ. ಲ್ಯಾಬಿನಲ್ಲಿ ಪಾತ್ರೆ ತೊಳೆಯುತ್ತೇನೆ. ಅದನ್ನು ಹೇಳಲು ನಾಚಿಕೆಯಾಗಿ ಇದನ್ನು ಹೇಳಿದೆ."

ಹೇಳಿ ಶಾಲು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟೆ. ಕಿವಿಯೆಲ್ಲ ಬಿಸಿಯಾಗಿತ್ತು. ಮಿಸ್ ಹಾಲಿಸ್ ಪ್ರಬಂಧದ ಒಂಬತ್ತು ಹಾಳೆಯಲ್ಲಿ ನಡುವಿನ ನಾಲ್ಕನ್ನು ಎಳೆದು ಕೈಚೀಲಕ್ಕೆ ತುರುಕಿದರು. ಮುಂದಿನ ಸಾಲಿನ ಕಡೆ ತಿರುಗಿ, "ಕೇಸರಿ ಇಲ್ಲ. ಆದರೆ ಕೇಸರಿ ಇಲ್ಲದ ಹನ್ನೊಂದು ವರ್ಷ ನನ್ನ ಹತ್ತಿರ ಇನ್ನೂ ಇದೆ, ಕುಳಿತುಕೊಳ್ಳಿ" ಎಂದು ಉಪನ್ಯಾಸ ಶುರು ಮಾಡಿದರು. ಯಾರೂ ನಗಲಿಲ್ಲ. ಕೊನೆಯಲ್ಲಿ ಒಂದು ಮಾತು ಸೇರಿಸಿದರು: "ಹಳೆಯ ಮಣ್ಣಿನ ಪಾತ್ರೆಗಳ ಹೊಳಪಿನಲ್ಲಿ ಸೀಸದ ವಿಷ ಇರುವುದುಂಟು, ಹುಳಿಗೆ ಅದು ಬಿಡುತ್ತದೆ. ಅದರಲ್ಲಿ ಹುಳಿ ಪದಾರ್ಥ ಇಟ್ಟು ಯಾರೂ ತಿಂದಿಲ್ಲ ತಾನೇ?"

ನಲವತ್ತು ಕನ್ನಡಿಗರು ಒಟ್ಟಿಗೇ ಹೊಟ್ಟೆ ಮುಟ್ಟಿಕೊಂಡರು. ಡಾಕ್ಟರು ಎರಡು ಸಲ ಹಾಕಿಸಿಕೊಂಡಿದ್ದರು. ಸೋಮವಾರ ಅವರ ಕ್ಲಿನಿಕ್ಕಿನ ಮುಂದೆ ಇಡೀ ಕನ್ನಡ ಸಂಘ ರಕ್ತಪರೀಕ್ಷೆಗೆ ಸಾಲುಗಟ್ಟಿತು. ಸಾಲಿನಲ್ಲಿ ನನ್ನ ಹಿಂದೆ ಮುಂದೆ ಯಾರೂ ಮಾತಾಡಲಿಲ್ಲ. ದೇವರ ದಯೆ, ಎಲ್ಲರ ರಕ್ತವೂ ಸರಿಯಾಗಿತ್ತು.

ಆದರೆ ಅಂದು ಲೈಬ್ರರಿಯಲ್ಲಿ ಇನ್ನೊಂದು ನಡೆಯಿತು. ಮಿಸೆಸ್ ಏಬಿ ಎದ್ದು ಬಂದು ಬೋಗುಣಿಯನ್ನು ತಿರುವಿ ನೋಡಿದರು. ಹುಂಜ ಅರ್ಧ ಹಳದಿ, ಅರ್ಧ ಕೆಂಪು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪದ್ಮಜಾ ಮುಂದೆ ಬಂದಳು. ತನ್ನ ಇಂಗ್ಲಿಷಿನಲ್ಲಿ ಖಾಲಿ ಕೊಡಬಾರದೆಂದು ಇಟ್ಟುಕೊಂಡದ್ದು, ಖಾರಕ್ಕೆ ಹೆದರಿದ್ದು, ತುರಿಮಣೆಯ ವಿಷಯ, ಎಲ್ಲ ಹೇಳಿದಳು. ಮುದುಕಿ ಕೇಳಿದರು, "ಅಂದರೆ ಆರು ತಿಂಗಳು ನನಗೆ ಏನು ಕೊಡುವುದೆಂದು ಯೋಚಿಸುತ್ತಿದ್ದೆಯಾ?" ಪದ್ಮಜಾ ಹೂಂ ಎಂದಳು. ಅವರು ಬೋಗುಣಿಯನ್ನು ಎದೆಗವಚಿಕೊಂಡು ಹೊರಟುಹೋದರು. ನಾನು ಗೋಡೆಗೊರಗಿದೆ. ಪದ್ಮಜಾ ನನ್ನ ತೋಳು ಹಿಡಿದು ಅಳುವ ದನಿಯಲ್ಲಿ ಅಂದದ್ದು ಇಷ್ಟೇ:

"ಅಯ್ಯೋ ರೀ, ಖಾಲಿ ಹೋಯ್ತಲ್ರೀ!"

ತುರಿಮಣೆ ಜುಲೈಯಲ್ಲಿ ಬಂತು. ಅಂದೇ ಕೊಬ್ಬರಿ ಮಿಠಾಯಿ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮಿಸೆಸ್ ಏಬಿಯ ಬಾಗಿಲು ತಟ್ಟಿದೆವು. ವಾರದ ಮೇಲೆ ಡಬ್ಬಿ ವಾಪಸು ಬಂತು, ತುಂಬ ಬಿಸ್ಕತ್ತು. ಅದರ ಜೊತೆಗೊಂದು ಚೀಟಿ: "ಖಾಲಿ ಅಲ್ಲ." ಅಂದಿನಿಂದ ಆ ಡಬ್ಬಿ ಒಂದು ಮನೆಯಲ್ಲಿ ನಿಂತದ್ದಿಲ್ಲ.

ಮಿಸ್ ಹಾಲಿಸ್ ಅವರ ಪ್ರಬಂಧ ಮರುವರ್ಷ ಒಂದು ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಒಂದು ಪ್ರತಿ ನಮಗೂ ಕಳಿಸಿದ್ದರು. ನನ್ನ ಹೆಸರು ಅವರ ಹೆಸರಿನ ಪಕ್ಕದಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಪತ್ರಿಕೆಯ ಮೂವತ್ತೊಂದನೇ ಪುಟದ ಅಡಿಟಿಪ್ಪಣಿಯಲ್ಲಿ ಹೀಗಿತ್ತು: "ಈ ಬೋಗುಣಿಯ ಹಳದಿ ಮತ್ತು ಕೆಂಪು ಕುಂಬಾರನವಲ್ಲ. ಅವು ಫಾಸ್ಟರ್ ಸಿಟಿಯ ಶ್ರೀಮತಿ ಪದ್ಮಜಾ ಅವರ ನಿಂಬೆ ಉಪ್ಪಿನಕಾಯಿಯವು, 1986. ಮಾಹಿತಿ ಕೊಟ್ಟವರು ಆಕೆಯ ಪತಿ, ತಡವಾಗಿ."

ಆ ಕೊನೆಯ ಪದವನ್ನು ಓದಿದಾಗಲೆಲ್ಲ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಡಾಕ್ಟರಿಗೆ ಸುದ್ದಿ ಮುಟ್ಟಿ ಫೋನು ಬಂತು. "ಏನ್ರೀ, ಸ್ವಿಸ್ ಕುಂಬಾರಿಕೆ ಇತಿಹಾಸದಲ್ಲಿ ಕನ್ನಡದ ಹೆಣ್ಣುಮಗಳ ಹೆಸರು! ಈ ಯುಗಾದಿಗೆ ಪದ್ಮಜಾ ಅವರಿಗೆ ಸನ್ಮಾನ. ಅಂದ್ಹಾಗೆ... ಹೇಗೆ ಹೇಳೋದು... ಅವತ್ತಿನ ಶಾಲು ನಿಮ್ಮ ಹತ್ರಾನೇ ಇದೆಯಲ್ವಾ? ಇಸ್ತ್ರಿ ಮಾಡಿ ತಂದ್ಬಿಡಿ."

ತಂದೆ. ಅಂದು ನಾನು ಕುರ್ಚಿಯ ಮೇಲಿಟ್ಟದ್ದನ್ನು ಪದ್ಮಜಾ ಮನೆಗೆ ಎತ್ತಿಕೊಂಡು ಬಂದಿದ್ದಳು. ಅವಳ ಹೆಗಲಿಗೆ ಅದನ್ನು ಹೊದೆಸುವವರು ಯಾರೆಂದು ಗುಸುಗುಸು ನಡೆದು, ಕೊನೆಗೆ ನಾನೇ ಹೊದೆಸಿದೆ. ಅವಳಿಗೆ ಅದು ಚೆನ್ನಾಗಿ ಒಪ್ಪಿತು. ಈ ಸಲ ಓಕುಳಿ ನೀರಿನ ತಟ್ಟೆಯನ್ನು ರಮಾ ಅವರು ಎಲ್ಲ ಪಾತ್ರೆಗಳಿಂದ ಹತ್ತು ಅಡಿ ದೂರ ಇಟ್ಟಿದ್ದರು.

ಊಟದ ಸಾಲಿನಲ್ಲಿ ಉಡುಪಿಯಿಂದ ಹೊಸದಾಗಿ ಬಂದ ರಾಮನಾಥ ಎಂಬ ಇಂಜಿನಿಯರು ನನ್ನ ಪಕ್ಕ ನಿಂತಿದ್ದ. "ನೀವು ಎಂತ ಮಾಡಿಕೊಂಡಿದ್ದೀರಿ ಸಾರ್?"

ಸಾಲೆಲ್ಲ ಕಿವಿ ನಿಮಿರಿಸಿತು.

"ಲ್ಯಾಬಲ್ಲಿ ಪಾತ್ರೆ ತೊಳೀತೀನಪ್ಪ" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾರಿ ತಮಾಷೆ ನೀವು ಮಾರಾಯ್ರೆ! ಹೇಳಿ, ನಿಜವಾಗಿ ಎಂತ?"

ನಾನು ಕಂಗಾಲಾಗಿ ಸುತ್ತ ನೋಡಿದೆ. ಶಾಲು ಸರಿಮಾಡಿಕೊಳ್ಳುತ್ತ ಪದ್ಮಜಾ ನನ್ನ ರಕ್ಷಣೆಗೆ ಬಂದಳು.

"ನಿಜಾನೇ ಕಣಪ್ಪ. ತೊಳೆಯೋದ್ರಲ್ಲಿ ಎತ್ತಿದ ಕೈ. ಅರಿಶಿನ ಒಂದು ಮಾತ್ರ ಬರಲ್ಲ."